ಮಕ್ಕಳ ವರ್ತನಾ ಸಮಸ್ಯೆ: ಬಡತನ, ಲಿಂಗ ಮತ್ತು ಕಾಸರಗೋಡು

ಗಲ್ಫ್ ವಲಸೆಯ ಮನೆ, ಬೀಡಿ ಕಟ್ಟುವ ಮನೆ ಎರಡೂ ಇರುವ ಕಾಸರಗೋಡಿನಲ್ಲಿ ಮಗುವಿನ ಹಟ, ಹೊಡೆದಾಟಗಳನ್ನು ಹುಟ್ಟುಗುಣವೆಂದು ತಳ್ಳಿಹಾಕುವುದು ಅನ್ಯಾಯ. ಬಡತನವಲ್ಲ, ಹೆತ್ತವರ ಸ್ವಭಾವವೇ ಕಾರಣವೆಂಬ ಆಕ್ಷೇಪಕ್ಕೆ ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ಅಧ್ಯಯನ (2003) ಉತ್ತರಿಸಿದೆ: ತಮ್ಮ ಬುಡಕಟ್ಟಿನ ಕ್ಯಾಸಿನೊ ಆದಾಯದ ಪಾಲಿನಿಂದ ಚೆರೋಕೀ ಮೂಲನಿವಾಸಿ ಕುಟುಂಬಗಳು ಬಡತನ ದಾಟಿದಾಗ ಮಕ್ಕಳ ಪುಂಡಾಟ ತಗ್ಗಿತು; ಆತಂಕ, ಖಿನ್ನತೆ ತಗ್ಗಲಿಲ್ಲ. ಹಣಕ್ಕೂ ನಡತೆಗೂ ನಡುವಿನ ಮುಖ್ಯ ಕೊಂಡಿ ಹೆತ್ತವರ ಮೇಲ್ವಿಚಾರಣೆ. ಹಾಗಾಗಿ ಹಣ ಬಂದರೂ ತಂದೆ ದೂರವಿರುವ ಮನೆಯನ್ನು ಸುರಕ್ಷಿತವೆಂದು ಮೊದಲೇ ತೀರ್ಮಾನಿಸಲಾಗದು.

ಇನ್ನು ಲಿಂಗದ ಮಾತು: ಗಂಡುಮಕ್ಕಳು ಹುಟ್ಟಿನಿಂದಲೇ ಒರಟರೇ? ಮನೋವಿಜ್ಞಾನಿ ಬಂಡೂರರ 1961ರ ಬೊಬೊ ಗೊಂಬೆ ಪ್ರಯೋಗದಲ್ಲಿ ದೈಹಿಕ ಆಕ್ರಮಣವನ್ನು ಹುಡುಗರು ಹೆಚ್ಚು ಅನುಕರಿಸಿದ್ದು ನಿಜ. ಆದರೆ ಅನುಕರಿಸಲು, ಗೊಂಬೆಗೆ ಹೊಡೆದು ತೋರಿಸಿದ ಹಿರಿಯರೊಬ್ಬರು ಎದುರಿಗಿದ್ದರು. ಹುಡುಗಿಯ ಮೌನಸಂಕಟವಂತೂ ತರಗತಿಯಲ್ಲಿ ‘ಒಳ್ಳೆಯ ನಡತೆ’ ಎನಿಸಿಕೊಂಡು ಕಣ್ತಪ್ಪಿಬಿಡುತ್ತದೆ.