ಇಂದಿನ ಧಮ್ಮ ಚಿಂತನೆ: ಹೊಸಬರಿಗೆ ಹೇಳಿಕೊಡುವ ಬಗೆ





ರಾಯಚೂರು, ದೇವದುರ್ಗ, ಮಾನ್ವಿ ಕಡೆಯಿಂದ ನಮ್ಮ ಅಧ್ಯಯನ ಬಳಗಕ್ಕೆ ಹೊಸಬರು ಸೇರುತ್ತಿದ್ದಾರೆ. ಸಂತೋಷ. ಇವರಿಗೆ ಬಳಗದ ರೀತಿ ನೀತಿ ಹೇಳಿಕೊಡುವುದು ಹೇಗೆ?

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಸಂಘ ಬೆಳೆಯುತ್ತಿದ್ದ ಕಾಲ. ಹೊಸ ಭಿಕ್ಖುಗಳಿಗೆ ತಿಳಿಹೇಳುವವರು ಇರಲಿಲ್ಲ. ಚೀವರವನ್ನು ಸರಿಯಾಗಿ ಉಡದೆ ಭಿಕ್ಷೆಗೆ ಹೋಗುತ್ತಿದ್ದರು. ಜನ ಉಣ್ಣುತ್ತಿರುವಾಗಲೇ ಪಾತ್ರೆ ಚಾಚುತ್ತಿದ್ದರು. ಊಟದ ಜಾಗದಲ್ಲಿ ಗದ್ದಲ ಮಾಡುತ್ತಿದ್ದರು. ಊರವರು ಆಡಿಕೊಂಡರು. ಭಗವಾನರು ತಪ್ಪನ್ನು ತಪ್ಪೆಂದೇ ಹೇಳಿದರು, ಆದರೆ ಅಷ್ಟಕ್ಕೇ ಬಿಡಲಿಲ್ಲ. ಹೊಸಬರಿಗೆ ಉಪಜ್ಝಾಯರು ಇರಲಿ ಎಂದು ಏರ್ಪಾಡು ಮಾಡಿದರು. ಉಪಜ್ಝಾಯರು ಶಿಷ್ಯನನ್ನು ಮಗನಂತೆ, ಶಿಷ್ಯ ಅವರನ್ನು ತಂದೆಯಂತೆ ಕಾಣಬೇಕು. ಒಬ್ಬರಿಗೆ ಕಾಯಿಲೆಯಾದರೆ ಇನ್ನೊಬ್ಬರು ಆರೈಕೆ ಮಾಡಬೇಕು.

ಈಗ ನಮ್ಮ ಗ್ರೂಪಿಗೆ ಬರೋಣ. ಹೊಸದಾಗಿ ಸೇರಿದವರೊಬ್ಬರು ರೂಢಿಯಂತೆ ದೇವರ ಚಿತ್ರವಿರುವ ಹಬ್ಬದ ಶುಭಾಶಯ ಹಾಕುತ್ತಾರೆ. ಕೂಡಲೇ ನಾಲ್ಕು ಜನ, '22 ಪ್ರತಿಜ್ಞೆ ಓದಿಲ್ಲವೇ?' ಎಂದು ಎಲ್ಲರೆದುರು ಕೇಳುತ್ತಾರೆ. ಅವರು ಮತ್ತೆ ಮಾತಾಡುವುದಿಲ್ಲ. ಕೆಲವು ದಿನಕ್ಕೆ ಗ್ರೂಪು ಬಿಟ್ಟೇ ಹೋಗುತ್ತಾರೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಪ್ರತಿಜ್ಞೆಗಳು ನಮಗೆ ದಾರಿದೀಪ. ದೀಪವನ್ನು ಯಾರ ಕಣ್ಣಿಗೂ ತಿವಿಯಬಾರದು. ಹೋಟೆಲಿನ ಬೇರೆ ಲೋಟ, ಗುಡಿಯ ಹೊರಗಿನ ಕಟ್ಟೆ, ಹತ್ತು ಜನರೆದುರು ತಲೆ ತಗ್ಗಿಸಿದ ನೋವು ನಮ್ಮ ಮನೆಮನೆಗೂ ಗೊತ್ತು. ಅದರಿಂದ ಹೊರಬರಲೆಂದು ಧಮ್ಮಕ್ಕೆ ಬಂದವರಿಗೆ ಇಲ್ಲೂ ಅವಮಾನವಾದರೆ ಅವರು ಹೋಗುವುದೆಲ್ಲಿಗೆ?

ಒಬ್ಬರ ತಪ್ಪು ಎತ್ತುವ ಮೊದಲು ಅವರ ಅನುಮತಿ ಕೇಳಬೇಕು ಎಂದು ವಿನಯ ಹೇಳುತ್ತದೆ. ಹೇಳುವ ಮಾತಿಗೆ ಐದು ಗುಣ ಬೇಕು: ಸಮಯಕ್ಕೆ ತಕ್ಕದ್ದು, ಸತ್ಯ, ಮೃದು, ಹಿತ, ಮೈತ್ರಿ ತುಂಬಿದ್ದು. ಇದನ್ನು ನಾವು ಹೀಗೆ ಪಾಲಿಸಬಹುದು.

1. ಹೊಸಬರು ಸೇರಿದ ದಿನವೇ ಹಳಬರೊಬ್ಬರು ಜೊತೆಗಾರರಾಗಲಿ. ಸಾಧ್ಯವಾದರೆ ಅದೇ ಊರಿನವರು.
2. ತಪ್ಪು ಕಂಡರೆ ಫೋನ್ ಮಾಡಿ, 'ಅಣ್ಣಾ, ಒಂದು ಮಾತು ಹೇಳ್ಲೇನ್ರಿ?' ಎಂದು ಕೇಳಿ ಮಾತಾಡಲಿ. ಏನು ಮಾಡಬಾರದು ಎನ್ನುವಾಗ ಏಕೆ ಎಂಬುದನ್ನೂ ಹೇಳಲಿ.
3. ಬಾಬಾಸಾಹೇಬರ ಹೆಸರಿನಲ್ಲಿ ಬಂದ ಮಾತನ್ನು ಯಾವ ಪುಸ್ತಕದ್ದೆಂದು ತಿಳಿಯದೆ ಮುಂದೆ ಕಳಿಸಬಾರದು. ಇದು ಹಳಬರಿಗೂ ಅನ್ವಯ.
4. ಓದು ಬರಹ ಬಾರದ ಅಕ್ಕಂದಿರ ಧ್ವನಿ ಸಂದೇಶವನ್ನು ಪೂರ್ತಿ ಕೇಳಿ ಉತ್ತರ ಕೊಡೋಣ.
5. ಹೊಲದ ಕೆಲಸದವರು ಬೆಳಗ್ಗೆ ಬೇಗ ಏಳಬೇಕು. ರಾತ್ರಿ ತಡವಾಗಿ ಸಂದೇಶ ಹಾಕುವುದು ಬೇಡ.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನೆನೆಯೋಣ. ಧಮ್ಮದಲ್ಲಿ ತೊಡಗಿದರೆ ಸಣ್ಣವರೂ ಉನ್ನತಿ ಪಡೆಯಬಲ್ಲರು, ಅದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂಬ ಅರ್ಥದ ಮಾತು ಆ ಬಂಡೆಯ ಮೇಲಿದೆ. ಸಂಘದ ಹತ್ತಿರ ಬಂದ ಮೇಲೆಯೇ ತನ್ನ ಪ್ರಯತ್ನ ಬಲವಾಯಿತೆಂದು ಸಾಮ್ರಾಟನೇ ಈ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಅವನೂ ಒಂದು ಕಾಲಕ್ಕೆ ಹೊಸಬನೇ.

ಇಂದಿನ ಅಭ್ಯಾಸ: ಈ ತಿಂಗಳು ಸೇರಿದ ಒಬ್ಬರಿಗೆ ಇವತ್ತು ಫೋನ್ ಮಾಡಿ. ಮೊದಲು ಅವರ ಯೋಗಕ್ಷೇಮ ಕೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.