‘ಇಂಡಲ್ಜ್’ ಎಂದರೇನು?

“ಮಗಳು ‘ಇಂಡಲ್ಜ್ ಯುವರ್‌ಸೆಲ್ಫ್, ಅಮ್ಮಾ’ ಎಂದು ಸೀರೆ ಕೊಡಿಸಿದಳು. ಯಜಮಾನರು ತೀರಿಕೊಂಡ ವರ್ಷವೇ ಉಡಬಹುದೇ, ಸ್ವಾಮಿ?” ಒಬ್ಬ ತಾಯಿ ಕೇಳಿದರು.

ಪ್ರಿಯರೇ, ಮಗಳ ಮಾತಿಗೆ ‘ನಿನ್ನ ಆಸೆಯನ್ನೂ ಸ್ವಲ್ಪ ಪೂರೈಸಿಕೋ’ ಎಂದರ್ಥ. ‘ಹಿ ಇಂಡಲ್ಜಸ್ ಇನ್ ಡ್ರಿಂಕ್’ ಎಂದರೆ ಕುಡಿತಕ್ಕೆ ಮನಸ್ಸನ್ನು ಹರಿಯಬಿಟ್ಟಿದ್ದಾನೆ. (‘ಇನ್’ ಆದಮೇಲೆ ಏನು ಬರುತ್ತದೆಂದು ನೋಡಿಕೊಳ್ಳಬೇಕು!) ‘ಶಿ ಇಂಡಲ್ಜಸ್ ಹರ್ ಗ್ರ್ಯಾಂಡ್‌ಸನ್’ ಎಂದರೆ ಅಜ್ಜಿ ಮೊಮ್ಮಗನನ್ನು ಅತಿಯಾಗಿ ಮುದ್ದಿಸುತ್ತಾಳೆ.

ಲತೀನಿನಲ್ಲಿ ಈ ಪದಕ್ಕೆ ದಯೆ ತೋರು, ಬಿಗಿ ಸಡಿಲಿಸು ಎಂಬರ್ಥವಿತ್ತು. ಧರ್ಮಸಭೆಯ ‘ಇಂಡಲ್ಜೆನ್ಸ್’ ಬಂದದ್ದೂ ಅಲ್ಲಿಂದಲೇ. ಅದು ಪಾಪಕ್ಕೆ ಪರವಾನಗಿಯಲ್ಲ. ಕ್ಷಮೆಯಾದ ಪಾಪಕ್ಕೆ ಉಳಿದಿರುವ ತಾತ್ಕಾಲಿಕ ದಂಡನೆಯ ಮನ್ನಾ. ಅದನ್ನು ಮೃತರಿಗೂ ಸಲ್ಲಿಸಬಹುದು.

ಆ ತಾಯಿಗೆ ಹೇಳಿದೆ: “ಉಡಿ ಅಮ್ಮಾ. ನವೆಂಬರ್ 1ರಿಂದ 8ರೊಳಗೆ ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಪಾಪದ ಮೋಹ ಬಿಟ್ಟು, ಪೋಪ್‌ರ ಉದ್ದೇಶಗಳಿಗಾಗಿಯೂ ಪ್ರಾರ್ಥಿಸಿ, ಅದೇ ಸೀರೆಯಲ್ಲಿ ಸಮಾಧಿಗೆ ಹೋಗಿ ಯಜಮಾನರಿಗಾಗಿ ಬೇಡಿಕೊಳ್ಳಿ.”