ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಂದ, ಜಮಖಂಡಿ, ಮುಧೋಳ, ಬೀಳಗಿಯ ಕಬ್ಬು ಬೆಳೆಯುವ ಮನೆಗಳಿಂದ ಎಂಜಿನಿಯರಿಂಗ್ ಮುಗಿಸಿದ ಮಕ್ಕಳು ಬೆಂಗಳೂರು, ಪುಣೆಯ ಬಸ್ ಹತ್ತುತ್ತಾರೆ. ದೊಡ್ಡ ಕಂಪನಿಯ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಅದು ಕಳಿಸಿದ ಕಾಗದವನ್ನು ಕೊನೆಯವರೆಗೆ ಓದಿದವರು ಕಡಿಮೆ.

ಆ ಕಾಗದದ ಬಲ ಎಷ್ಟೆಂದು 2025ರ ಫೆಬ್ರುವರಿಯಲ್ಲಿ ಮೈಸೂರಿನಲ್ಲಿ ಕಂಡಿತು. ಇನ್ಫೊಸಿಸ್ ತನ್ನ ಕ್ಯಾಂಪಸ್ಸಿನಲ್ಲಿ ತರಬೇತಿ ಪಡೆಯುತ್ತಿದ್ದ 300ಕ್ಕೂ ಹೆಚ್ಚು ಮಂದಿಯನ್ನು ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು ಮನೆಗೆ ಕಳಿಸಿತು. ಆಫರ್ ಸಿಕ್ಕ ಮೇಲೆ ಎರಡು ವರ್ಷ ಕಾದವರೂ ಅವರಲ್ಲಿದ್ದರು. ಮೂರು ಅವಕಾಶ ಕೊಟ್ಟಿದ್ದೇವೆ, ಷರತ್ತು ಒಪ್ಪಂದದಲ್ಲೇ ಇತ್ತು ಎಂದಿತು ಕಂಪನಿ. ದೂರು ಕೇಂದ್ರ ಕಾರ್ಮಿಕ ಸಚಿವಾಲಯದವರೆಗೂ ಹೋಯಿತು. ರಾಜ್ಯದ ಅಧಿಕಾರಿಗಳು ಬಂದು ವಿಚಾರಿಸಿದರು. ಸಹಿ ಹಾಕುವಾಗ ಸಂಬಳದ ಅಂಕಿಗಿಂತ ಮೊದಲು ತರಬೇತಿಯ ಅವಧಿ, ಅದರಲ್ಲಿ ಫೇಲಾದರೆ ಏನು, ನೋಟಿಸ್ ಎಷ್ಟು ದಿನ ಎಂಬುದನ್ನು ನೋಡಬೇಕು.

ಕೆಲಸಕ್ಕೆ ಸೇರುವಾಗ ಬರೆಸಿಕೊಳ್ಳುವ ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಈ ಮಾತು ನಂಬಿ ಕೆಲಸ ಬಿಡುವುದು ಅಪಾಯ. ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿ ಸೇರಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಸಾಮಾನ್ಯವಾಗಿ ಅಸಿಂಧು. ಇಂತಿಷ್ಟು ವರ್ಷ ದುಡಿಯಬೇಕು, ಇಲ್ಲವಾದರೆ ಹಣ ಕಟ್ಟಬೇಕು ಎಂಬುದು ಬೇರೆ ವಿಷಯ. ಮೂರು ವರ್ಷಕ್ಕೆ ಮೊದಲೇ ಹೊರಬಿದ್ದ ವಿಜಯಾ ಬ್ಯಾಂಕ್ ಅಧಿಕಾರಿಯೊಬ್ಬರು ಕಟ್ಟಿದ್ದ 2 ಲಕ್ಷ ರೂಪಾಯಿಯ ವಿಚಾರದಲ್ಲಿ ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಬಾಂಡನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕಿನ ನೇಮಕಾತಿಯ ಖರ್ಚನ್ನು ಅದು ಗಣನೆಗೆ ತೆಗೆದುಕೊಂಡಿತ್ತು. ಖಾಸಗಿ ಕಂಪನಿ ಬರೆಸಿಕೊಂಡ ಮೊತ್ತವೆಲ್ಲ ಹಾಗೇ ಸಲ್ಲುತ್ತದೆಂದಲ್ಲ: ಅದೇ ಕರಾರು ಕಾಯ್ದೆಯ 74ನೇ ಕಲಮು ಕೊಡಿಸುವುದು ನ್ಯಾಯಸಮ್ಮತ ಪರಿಹಾರವನ್ನು ಮಾತ್ರ.

ಇಂಟರ್‌ವ್ಯೂಗೆ ಹೋದ ಹುಡುಗಿಗೂ ಕಾನೂನಿನ ರಕ್ಷಣೆಯಿದೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ನೌಕರಿಯಲ್ಲಿಲ್ಲದ ಮಹಿಳೆಯನ್ನೂ ಒಳಗೊಳ್ಳುತ್ತದೆ. ಘಟನೆಯಾದ ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು.

ಇನ್ನು ಹಣ ಕೇಳುವವರು. ನೇಮಕಾತಿಗೆ ಹಣ ಪಡೆಯುವುದಿಲ್ಲ ಎಂದು ದೊಡ್ಡ ಐಟಿ ಕಂಪನಿಗಳೇ ಎಚ್ಚರಿಸುತ್ತ ಬಂದಿವೆ. ಲ್ಯಾಪ್‌ಟಾಪ್ ಡೆಪಾಸಿಟ್, ನೋಂದಣಿ ಶುಲ್ಕ ಎಂದು ಯಾರಾದರೂ ಹಣ ಹಾಕಿಸಿಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ವಂಚಕ ಎಲ್ಲೇ ಇರಲಿ, ಜಮಖಂಡಿಯವರು ಜಮಖಂಡಿ ಠಾಣೆಯಲ್ಲೇ ದೂರು ಕೊಡಬಹುದು. ವ್ಯಾಪ್ತಿಯ ನೆಪ ಹೇಳುವಂತಿಲ್ಲ, ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು.

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ನೇಮಕಾತಿ ಪತ್ರ ಕಡ್ಡಾಯವಾಯಿತು. ರಾಜೀನಾಮೆ ಕೊಟ್ಟವರಿಗೂ ತೆಗೆದುಹಾಕಿದವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಇದಕ್ಕೆಲ್ಲ ವಕೀಲರ ಶುಲ್ಕ ಎಲ್ಲಿಂದ ತರುವುದು ಎಂದು ಹಿಂಜರಿಯುವ ಮನೆಗಳೇ ಹೆಚ್ಚು. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಕೇಳದೆ ಉಚಿತ ನೆರವು ಕೊಡುತ್ತದೆ. ಇನ್ನೂ ಕೆಲವು ವರ್ಗಗಳನ್ನು ಬಿಟ್ಟರೆ ಉಳಿದವರಿಗೆ ಆದಾಯದ ಮಿತಿಯಿದೆ. ಸಹಾಯವಾಣಿ 15100. ಸಮಿತಿಗೆ ಹೋಗುವಾಗ ಆಫರ್ ಲೆಟರ್, ಸಂಬಳದ ಸ್ಲಿಪ್, ರಾಜೀನಾಮೆಯ ಪ್ರತಿ ಕೈಯಲ್ಲಿರಲಿ. ಕೆಲಸ ಬಿಟ್ಟ ದಿನವೇ ಕಂಪನಿಯ ಇ-ಮೇಲ್ ಬಂದ್ ಆಗುವುದರಿಂದ ಇವನ್ನು ಮೊದಲೇ ಇಳಿಸಿಕೊಂಡಿರಬೇಕು.